ಅತ್ತೆಯ ಪೊಟ್ಯಾಸಿಯಂ, ನನ್ನ ಹೊಟ್ಟೆಕಿಚ್ಚು

ಗುರುವಾರ ಸಂಜೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ದೇವರ ಸಾಮಾನು ಉಜ್ಜುತ್ತಿದ್ದೆ. ಎರಡು ದೀಪ, ಪಂಚಪಾತ್ರೆ, ಆರತಿ ತಟ್ಟೆ, ಒಂದು ಗಂಟೆ. ಗಂಟೆಯ ಒಳಗಿನ ನಾಲಿಗೆಯನ್ನೂ ಬಿಡದೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಹೆಂಗಸು ಇಡೀ ಅಲ್ಲಾಳಸಂದ್ರದಲ್ಲಿ ನಾನೊಬ್ಬಳೇ ಇರಬೇಕು ಎಂದು ಒಳಗೊಳಗೇ ಹೆಮ್ಮೆಪಡುತ್ತಿರುವಾಗ ನಮ್ಮ ಯಜಮಾನರು ಫೋನು ಹಿಡಿದುಕೊಂಡು ಬಂದರು. ಮುಖ ಅರಳಿತ್ತು.

"ಗಿರಿಜಾ, ಅಮ್ಮನ ರಿಪೋರ್ಟ್ ಬಂತು. ಪೊಟ್ಯಾಸಿಯಂ ನಾಲ್ಕೂವರೆಗೆ ಇಳಿದಿದ್ಯಂತೆ. ಡಾಕ್ಟ್ರಿಗೆ ತುಂಬಾ ಖುಷಿಯಾಯ್ತಂತೆ."

"ತಾಯಿ ದೊಡ್ಡವಳು" ಎಂದು ಹುಣಸೆಹಣ್ಣಿನ ಕೈಯಲ್ಲೇ ಮುಗಿದೆ. ನಿಜವಾಗಿಯೂ ಸಂತೋಷವಾಗಿತ್ತು. ಅವರು ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇವತ್ತು ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ.

"ಮನೇಲಿ ಅಡುಗೆ ಮಾಡೋರು ಯಾರು ಅಂತ ಡಾಕ್ಟ್ರೇ ಕೇಳಿದ್ರಂತೆ. ಶೈಲಾನ ಎಲ್ಲರ ಮುಂದೆ ಹೊಗಳಿದ್ರಂತೆ."

ಗಂಟೆ ನನ್ನ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ತನ್ನನ್ನು ತಾನೇ ಬಾರಿಸಿಕೊಂಡಿತು.

ಶೈಲಾ ನನ್ನ ವಾರಗಿತ್ತಿ. ಮೈದುನನ ಹೆಂಡತಿ. ಅವರ ಮನೆ ಬ್ಯಾಟರಾಯನಪುರದಲ್ಲಿ. ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಕಣ್ಣು ಫೋನಿನ ಮೇಲೆ ಇಟ್ಟು, ಮಿಕ್ಕ ಕಣ್ಣಿನಲ್ಲಿ ಅಡುಗೆ ಮಾಡುತ್ತಾಳೆ. ಅವಳ ಸಾರಿನಲ್ಲಿ ಬೇಳೆಗೂ ನೀರಿಗೂ ಮಾತುಕತೆ ಇರುವುದಿಲ್ಲ. ನಾನೋ, ಚಿಕ್ಕಜಾಲದ ನೆಂಟರ ಮನೆಗಳಲ್ಲಿ ನಾಮಕರಣವಿದ್ದರೆ ಅಡುಗೆಯವರ ಉಪ್ಪು ನೋಡುವುದಕ್ಕೆ ಕರೆಸಿಕೊಳ್ಳುವಂಥವಳು. ಹೀಗಿರುವಾಗ, ಅಡುಗೆಯ ವಿಷಯಕ್ಕೆ, ಅದೂ ಒಬ್ಬ ಡಾಕ್ಟರು, ಅದೂ ಎಲ್ಲರ ಮುಂದೆ, ಶೈಲಾಳನ್ನು ಹೊಗಳುವುದೆಂದರೆ! ಲೋಕ ಎತ್ತ ಸಾಗುತ್ತಿದೆ?

ಅತ್ತೆಗೆ ಎಪ್ಪತ್ತೆರಡು ವರ್ಷ. ಮೂರು ವರ್ಷದಿಂದ ಎರಡೂ ಕಿಡ್ನಿ ನಿಧಾನವಾಗಿ ಸೋಲುತ್ತಿವೆ. ಇದು ವಾಸಿಯಾಗುವ ಕಾಯಿಲೆಯಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಬೇಕಾದ ಕಾಯಿಲೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಡಯಾಲಿಸಿಸ್ ಎಷ್ಟು ದಿನ ಮುಂದಕ್ಕೆ ಹೋಗುತ್ತೆ ಅನ್ನೋದು ಅರ್ಧ ನನ್ನ ಮಾತ್ರೇಲಿದೆ, ಅರ್ಧ ನಿಮ್ಮ ಅಡುಗೆಮನೇಲಿದೆ" ಎಂದಿದ್ದರು. ಅತ್ತೆಗೆ ಡಯಾಲಿಸಿಸ್ ಎಂದರೆ ಯಮನ ಹೆಸರು ಕೇಳಿದಂತೆ. ಹಾಗಾಗಿ ಎರಡು ತಿಂಗಳು ಮೈದುನನ ಮನೆ, ಎರಡು ತಿಂಗಳು ನಮ್ಮ ಮನೆ ಎಂದು ಅಣ್ಣತಮ್ಮಂದಿರು ಹಂಚಿಕೊಂಡಿದ್ದರು. ಇದು ಮೊದಲನೇ ಸರದಿ. ಶೈಲಾಳ ಎರಡು ತಿಂಗಳು ಮುಗಿದಿತ್ತು. ಭಾನುವಾರದಿಂದ ನನ್ನದು.

ಶುಕ್ರವಾರ ಬೀದಿ ಕೊನೆಯ ಗಂಗಮ್ಮನ ಗುಡಿಗೆ ಹೋಗಿ ಕಣ್ಣು ಮುಚ್ಚಿ ನಿಂತೆ. "ತಾಯೀ, ಅತ್ತೆಗೆ ಆರೋಗ್ಯ ಕೊಡು" ಎಂದೆ. ಪೂಜಾರಪ್ಪ ಮಂಗಳಾರತಿ ತರುವುದರೊಳಗೆ ಇನ್ನೂ ಒಂದು ಮಾತು ಸೇರಿಸಿದೆ. "ಶೈಲಾ ಮನೇಲಿ ಕೊಟ್ಟಿದ್ದಕ್ಕಿಂತ ಒಂಚೂರು ಜಾಸ್ತಿ ಕೊಡು." ದೇವರ ಮುಂದೆ ಸುಳ್ಳು ಹೇಳಬಾರದಲ್ಲ.

ಭಾನುವಾರ ಅತ್ತೆ ಬಂದರು. ಜೊತೆಗೆ ಒಂದು ಬ್ಯಾಗು, ಒಂದು ಮಾತ್ರೆ ಡಬ್ಬಿ, ತೂಕದ ಮಷೀನು. ಶೈಲಾ ಒಂದು ನೀರಿನ ಬಾಟಲಿಯನ್ನೂ ಕೊಟ್ಟಳು. ಬಾಟಲಿಯ ಮೈಮೇಲೆ ಕೆಂಪು ನೈಲ್ ಪಾಲಿಷಿನಲ್ಲಿ ಗೀಟು ಹಾಕಿದ್ದಳು. ಬೆಳಿಗ್ಗೆಗೆ ಇಷ್ಟು, ಮಧ್ಯಾಹ್ನಕ್ಕೆ ಇಷ್ಟು, ರಾತ್ರಿಗೆ ಇಷ್ಟು. ಅತ್ತೆಯ ಕಾಲಿನಲ್ಲಿ ನೀರು ತುಂಬಿಕೊಳ್ಳುವುದರಿಂದ ದಿನಕ್ಕೆ ಅಳತೆ ಹಾಕಿಯೇ ನೀರು ಕೊಡಬೇಕಿತ್ತು.

"ಕಾಫಿ, ಮಜ್ಜಿಗೆ, ಸಾರು, ಎಲ್ಲಾ ಈ ಲೆಕ್ಕದಲ್ಲೇ ಬರ್ಬೇಕು ಅಕ್ಕ" ಎಂದಳು.

"ನಂಗೆ ಗೊತ್ತಿಲ್ವಾ ಶೈಲಾ?" ಎಂದೆ. ಗೊತ್ತಿರಲಿಲ್ಲ. ಅವಳು ಗೇಟು ದಾಟಿದ ಮೇಲೆ ಆ ಬಾಟಲಿಯನ್ನು ಅಟ್ಟದ ಮೇಲಿಟ್ಟು, ಅದಕ್ಕಿಂತ ಚೆಂದದ ಹೊಸ ಸ್ಟೀಲ್ ಬಾಟಲಿ ತರಿಸಿದೆ. ಸ್ಟೀಲಿನೊಳಗೆ ನೀರು ಎಷ್ಟಿದೆ ಎಂದು ಹೊರಗಿನಿಂದ ಕಾಣುವುದಿಲ್ಲ ಎಂಬುದು ಮೂರನೇ ದಿನ ಹೊಳೆಯಿತು. ಆದರೂ ಅಟ್ಟ ಹತ್ತಲಿಲ್ಲ. ಮಾನ ದೊಡ್ಡದು.

ಮೊದಲನೇ ದಿನವೇ ಅತ್ತೆ ನನ್ನ ಕೈ ಹಿಡಿದುಕೊಂಡರು. "ಅಲ್ಲಿ ನಾಲ್ಗೆ ಸತ್ತೋಗೈತೆ ಕಣವ್ವ. ಅದು ಸಾರೋ ನೀರೋ ಏಳಕ್ಕಾಗಲ್ಲ. ಪಾಪದೋಳು, ಎಂಗೋ ಮಾಡ್ತಾಳೆ."

ಆ ಸಂಜೆ ದೇವರಿಗೆ ಒಂದು ತುಪ್ಪದ ಬತ್ತಿ ಹೆಚ್ಚಿಗೆ ಹಚ್ಚಿದೆ.

ಪಥ್ಯದ ನಿಯಮ ನನಗೇನೂ ಹೊಸದಲ್ಲ. ಆಸ್ಪತ್ರೆಯ ಡಯಟೀಷಿಯನ್ ನನ್ನನ್ನೂ ಶೈಲಾಳನ್ನೂ ಜೊತೆಗೆ ಕೂರಿಸಿಕೊಂಡೇ ಹೇಳಿಕೊಟ್ಟಿದ್ದಳು. ಧಾರವಾಡದ ಕಡೆಯ ಹುಡುಗಿ. ಉಪ್ಪು ಇಷ್ಟೇ, ಬೇಳೆ ಇಷ್ಟೇ, ಬಾಳೆಹಣ್ಣು ಬೇಡ, ಎಳನೀರು ಬೇಡ, ಅಂಗಡಿಯಲ್ಲಿ ಸಿಗುವ ಸೋಡಿಯಂ ಕಮ್ಮಿಯ ಉಪ್ಪು ಬೇಡವೇ ಬೇಡ, ನೋವಿನ ಮಾತ್ರೆ ಕೇಳದೆ ಕೊಡಬೇಡಿ. ತರಕಾರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ, ನೆನೆಸಿ, ತುಂಬಾ ನೀರಿನಲ್ಲಿ ಬೇಯಿಸಿ, ನೀರನ್ನು ಬಸಿದು ಚೆಲ್ಲಬೇಕು. ಏಕೆ ಹಾಗೆ ಎಂದು ಶೈಲಾ ಕೇಳಿದಳು. "ಭಾಳ ಚಲೋ ಪ್ರಶ್ನೆ ಕೇಳಿದ್ರಿ" ಎಂದು ಆ ಹುಡುಗಿ ಅವಳ ಕಡೆಗೇ ತಿರುಗಿ ವಿವರಿಸತೊಡಗಿದಳು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನಾನು ಶೈಲಾಳ ಹೊಸ ಡೈರಿ ನೋಡುತ್ತಿದ್ದೆ. ಹೂವಿನ ಚಿತ್ರದ ರಟ್ಟು, ಅದಕ್ಕೊಂದು ಎಲಾಸ್ಟಿಕ್ಕು, ಎಲಾಸ್ಟಿಕ್ಕಿಗೆ ಸಿಕ್ಕಿಸಿದ ಪೆನ್ನು. ಸೊಪ್ಪು ಬಸಿಯುವುದನ್ನು ಡೈರಿಯಲ್ಲಿ ಬರೆದುಕೊಳ್ಳುವ ಹೆಂಗಸನ್ನು ನಾನು ಅದೇ ಮೊದಲು ನೋಡಿದ್ದು. ಹನ್ನೆರಡನೇ ವಯಸ್ಸಿನಿಂದ ಬಸಿಯುತ್ತಿರುವವಳು ನಾನು.

ಹಾಗಾಗಿ ಸೋಮವಾರ ಧೈರ್ಯವಾಗಿ ಶುರುಮಾಡಿದೆ. ದಂಟಿನ ಸೊಪ್ಪು, ಹುರುಳಿಕಾಯಿ, ಒಂದು ಆಲೂಗಡ್ಡೆ. ಹೆಚ್ಚಿದೆ, ನೆನೆಸಿದೆ, ದೊಡ್ಡ ತಪ್ಪಲೆಯಲ್ಲಿ ಬೇಯಿಸಿದೆ, ಜಾಲರಿಯಲ್ಲಿ ಬಸಿದೆ. ತರಕಾರಿ ಒಂದು ಕಡೆ, ಬಸಿದ ಕಟ್ಟು ಒಂದು ಕಡೆ. ಹಸಿರು ಬಣ್ಣದ ಕಟ್ಟು ಹಬೆಯಾಡುತ್ತಿತ್ತು. ಸಿಂಕಿನ ಮೇಲೆ ತಪ್ಪಲೆ ಬಗ್ಗಿಸಿದೆ. ಕೈ ಬಗ್ಗಲಿಲ್ಲ.

ನಮ್ಮ ಕಡೆಯ ಯಾವ ಹೆಂಗಸಿನ ಕೈಯೂ ಬಗ್ಗುವುದಿಲ್ಲ. ಮದುವೆಯಾಗಿ ಬಂದ ವಾರದಲ್ಲಿ ನಾನು ತಿಳಿಯದೆ ಕಟ್ಟು ಚೆಲ್ಲಿದ್ದಕ್ಕೆ ಇದೇ ಅತ್ತೆ, "ಕಟ್ ಚೆಲ್ಲಿದೋಳ ಮನೇಲಿ ಅನ್ನಪೂರ್ಣೆ ನಿಲ್ಲಲ್ಲ" ಎಂದು ಮೂರು ದಿನ ಮಾತು ಬಿಟ್ಟಿದ್ದರು. ಆಮೇಲೆ ತಾವೇ ಪಕ್ಕ ನಿಂತು ಬಸ್ಸಾರು ಕಲಿಸಿಕೊಟ್ಟಿದ್ದರು. ಈಗ ನಡುಮನೆಯಿಂದ ಅದೇ ಗಂಟಲು ಕೇಳಿಸಿತು.

"ಗಿರಿಜಾ, ಸೊಪ್ ಬಸ್ದಾ? ಗಮ್ ಅಂತೈತೆ."

ಒಂದು ಕ್ಷಣ ಯೋಚಿಸಿದೆ. ಆ ಡಯಟೀಷಿಯನ್ ಹುಡುಗಿ ಚೆಲ್ಲಬೇಕೆಂದಿದ್ದಳು, ನಿಜ. ಆದರೆ ಅದು ಬಸಿದ ನೀರಿನಿಂದ ಏನು ಮಾಡಬೇಕೆಂದು ತಿಳಿಯದವರಿಗೆ. ತರಕಾರಿಯಲ್ಲಿ ನೀರು ಉಳಿಯಬಾರದು, ಉಳಿದಿಲ್ಲ. ಅಲ್ಲಿಗೆ ತರಕಾರಿಯ ನಿಯಮ ಮುಗಿಯಿತು. ಸಾರಿನ ನಿಯಮ ಬೇರೆ. ವಕೀಲರು ಕೂಡ ಇಷ್ಟು ಚೆನ್ನಾಗಿ ವಾದಿಸುವುದಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಹುರಿದು, ಒಂದು ಚೂರು ಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಸೇರಿಸಿ ರುಬ್ಬಿ, ಆ ಕಟ್ಟಿಗೆ ಹಾಕಿ ಕುದಿಸಿದೆ. ಉಪ್ಪು ಮಾತ್ರ ಡಯಟೀಷಿಯನ್ ಹೇಳಿದ ಚಮಚದಲ್ಲೇ. ಅದರಲ್ಲಿ ನಾನು ಕಟ್ಟುನಿಟ್ಟು. ಅತ್ತೆ ಅನ್ನ ಕಲಸಿಕೊಂಡು ಉಂಡು, ಬಟ್ಟಲಿನಲ್ಲಿ ಹಾಕಿಸಿಕೊಂಡು ಬೇರೆ ಕುಡಿದರು.

"ಎಲ್ಡ್ ತಿಂಗ್ಳಾದ್ಮೇಲೆ ಊಟ ಅನ್ನೋದ್ ಮಾಡಿದ್ದು ಕಣವ್ವ" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಆ ನೀರು ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದುಕೊಂಡೆ.

ಅಂದಿನಿಂದ ದಿನವೂ ಯಾವುದಾದರೊಂದು ಬಸ್ಸಾರು. ಬಸಿದು ಸಪ್ಪೆಯಾದ ಪಲ್ಯವನ್ನು ನಮ್ಮ ಯಜಮಾನರಿಗೆ ಬಡಿಸುತ್ತಿದ್ದೆ. "ಕಾಯಿಲೆ ಅಮ್ಮಂಗಾ ನಂಗಾ?" ಎಂದು ಅವರು ಕೇಳಿದ್ದರಲ್ಲಿ ಎಷ್ಟು ಸತ್ಯವಿತ್ತೆಂದು ಆಗ ಗೊತ್ತಾಗಲಿಲ್ಲ. ಪಥ್ಯವೆಲ್ಲ ಅವರ ತಟ್ಟೆಯಲ್ಲಿತ್ತು.

ನಾನು ಎಷ್ಟು ಜಾಗ್ರತೆಯ ಹೆಂಗಸು ಎಂಬುದಕ್ಕೆ ಪಕ್ಕದ ಮನೆಯ ಸರೋಜಮ್ಮನೇ ಸಾಕ್ಷಿ. ಒಂದು ದಿನ ಲೋಟ ತುಂಬ ಬಾಳೆದಿಂಡಿನ ರಸ ತಂದರು.

"ನಮ್ಮ ಚಿಕ್ಕಪ್ಪಂಗೆ ಕಿಡ್ನೀಲಿದ್ದ ಕಲ್ಲು ಕರಗೇ ಹೋಯ್ತು ಕಣ್ರೀ. ನಿಮ್ಮತ್ತೆಗೂ ಕೊಡಿ."

"ಇವರದ್ದು ಕಲ್ಲಲ್ಲ ಸರೋಜಮ್ಮ. ಪೊಟ್ಯಾಸಿಯಂ ಅಂತ ಒಂದಿದೆ. ಅದು ಏರಿದ್ರೆ ಎದೆ ಬಡಿತಾನೇ ಏರುಪೇರಾಗುತ್ತೆ. ಡಾಕ್ಟ್ರನ್ನ ಕೇಳ್ದೆ ಎಲೆ, ಕಡ್ಡಿ, ಕಷಾಯ ಏನೂ ಕೊಡೋ ಹಾಗಿಲ್ಲ" ಎಂದು ಅರ್ಧ ಗಂಟೆ ಉಪದೇಶ ಮಾಡಿದೆ. ಒಲೆಯ ಮೇಲೆ ಬಸ್ಸಾರು ಕುದಿಯುತ್ತಿತ್ತು. ಪಾಪ, ಹೋಗುವಾಗ ಸರೋಜಮ್ಮನಿಗೂ ಒಂದು ಬಟ್ಟಲು ಕೊಟ್ಟೆ.

ಎರಡನೇ ವಾರ ಅತ್ತೆಯನ್ನು ತೂಕದ ಮಷೀನಿನ ಮೇಲೆ ನಿಲ್ಲಿಸಿದರೆ ಎರಡು ಕಿಲೋ ಹೆಚ್ಚಾಗಿದ್ದರು! ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತಕ್ಷಣ ಬ್ಯಾಟರಾಯನಪುರಕ್ಕೆ ಫೋನು ಮಾಡಿದೆ.

"ಶೈಲಾ, ಬೇಜಾರ್ ಮಾಡ್ಕೋಬೇಡ. ಅತ್ತೆ ಇಲ್ಲಿ ಎರಡು ಕೆಜಿ ತುಂಬ್ಕೊಂಡಿದಾರೆ. ಕೆನ್ನೆ ಎಲ್ಲ ಗುಂಡುಗುಂಡಗೆ ಆಗಿದೆ."

"ಅಕ್ಕ, ಕಾಲು ನೋಡಿದ್ರಾ? ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳುತ್ತಾ?"

ಹೊಟ್ಟೆಕಿಚ್ಚು ನೋಡಿ ಇವಳಿಗೆ, ಎಂದುಕೊಂಡೆ. ಒಬ್ಬರು ಚೆನ್ನಾಗಿ ನೋಡಿಕೊಂಡರೆ ಸಹಿಸುವುದಿಲ್ಲ ಕೆಲವರಿಗೆ. "ಏನೂ ಇಲ್ಲಮ್ಮ, ತಿಂದಿದ್ದು ಮೈಗೆ ಹತ್ತಿದೆ" ಎಂದು ಫೋನಿಟ್ಟೆ. ಕಾಲು ಒತ್ತಿ ನೋಡಲಿಲ್ಲ. ಅದಾದ ನಾಲ್ಕನೇ ದಿನ, ಮಾವ ಹೋದ ಮೇಲೂ ಅತ್ತೆ ಬಿಡದೆ ಹಾಕಿಕೊಂಡಿದ್ದ ಕಾಲುಂಗುರ ಬಿಗಿಯಾಗಿದೆ ಎಂದು ಸೋಪು ಹಚ್ಚಿ ತೆಗೆದೆ. ಆಗಲೂ ಕಾಲುಂಗುರವೇ ಸಣ್ಣದು ಎಂದುಕೊಂಡೆ.

ಮೂರನೇ ವಾರ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಅದೇ ದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಫೋನು.

"ಪೇಷಂಟ್ ಪೊಟ್ಯಾಸಿಯಂ ಬಗ್ಗೆ ಡಾಕ್ಟ್ರು ಮಾತಾಡ್ಬೇಕಂತೆ. ಈಗ್ಲೇ ಕರ್ಕೊಂಡು ಬನ್ನಿ."

ಈಗಲೇ! ರಿಪೋರ್ಟು ನೋಡಿ ಡಾಕ್ಟರಿಗೆ ನಾಳೆಯವರೆಗೆ ತಡೆದುಕೊಳ್ಳಲೂ ಆಗಿಲ್ಲ. ಕೂಡಲೇ ಶೈಲಾಳ ಸ್ಕೂಲಿಗೆ ಫೋನು ಮಾಡಿ, "ನೀನೂ ಬಾ, ಡಾಕ್ಟ್ರು ಏನೋ ಹೇಳ್ತಾರಂತೆ" ಎಂದೆ. ಹೊಗಳಿಸಿಕೊಳ್ಳುವಾಗ ಅವಳು ಎದುರಿಗಿರಬೇಡವೇ? ಆಮೇಲೆ ಬೀರು ತೆಗೆದು ಮದುವೆಗಳಿಗೆ ಉಡುವ ರೇಷ್ಮೆ ಸೀರೆ ಉಟ್ಟೆ. ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷಕ್ಕೆ ಇವತ್ತಿಗೂ ದೀಪ ಹಚ್ಚುವಾಗ ಕ್ಷಮೆ ಕೇಳುತ್ತೇನೆ.

ಆಸ್ಪತ್ರೆಯ ಬಾಗಿಲಲ್ಲೇ ಗಾಲಿಕುರ್ಚಿ ಕಾಯುತ್ತಿತ್ತು. ನನ್ನ ಸೀರೆಯನ್ನು ಯಾರೂ ನೋಡಲಿಲ್ಲ. ಅತ್ತೆಯನ್ನು ನೇರವಾಗಿ ಒಳಗೆ ಕರೆದುಕೊಂಡು ಹೋಗಿ ಎದೆಗೆ ವೈರುಗಳನ್ನು ಅಂಟಿಸಿದರು. ಕೈಗೆ ಸೂಜಿ ಚುಚ್ಚಿದರು. ಡಾಕ್ಟರು ಪರದೆ ಸರಿಸಿ ಹೊರಗೆ ಬಂದರು.

"ಪೊಟ್ಯಾಸಿಯಂ ಆರೂವರೆ ಮುಟ್ಟಿದೆ. ಮೈಯಲ್ಲಿ ನೀರೂ ತುಂಬಿದೆ. ಔಷಧಿ ಕೊಟ್ಟಿದೀವಿ. ಸಂಜೆ ಒಳಗೆ ಇಳೀದಿದ್ರೆ ಡಯಾಲಿಸಿಸ್ ಮಾಡ್ಲೇಬೇಕಾಗುತ್ತೆ."

ಪರದೆಯ ಒಳಗಿನಿಂದ ಅತ್ತೆಯ ಧ್ವನಿ ಬಂತು. "ಗಿರಿಜಾ, ಆ ಮಷೀನ್ ಬ್ಯಾಡ ಅಂತ ಏಳವ್ವ." ಚಿಕ್ಕ ಹುಡುಗಿಯ ಧ್ವನಿಯಂತಿತ್ತು. ನನ್ನ ರೇಷ್ಮೆ ಸೀರೆ ಮೈಮೇಲೆ ಮುಳ್ಳಾಯಿತು.

ಅಷ್ಟರಲ್ಲಿ ಶೈಲಾ ಸ್ಕೂಲಿನ ಐಡಿ ಕಾರ್ಡನ್ನೂ ಕುತ್ತಿಗೆಯಿಂದ ತೆಗೆಯದೆ ಓಡಿಬಂದಳು. ಜೊತೆಗೇ ಡಯಟೀಷಿಯನ್ ಕೂಡ ಬಂದು ವಿಚಾರಣೆ ಶುರುಮಾಡಿದಳು.

"ಎಳನೀರು ಕೊಟ್ರೇನ್ರಿ?"

"ತೀರ್ಥ ಕೂಡ ಚಮಚದಲ್ಲಿ ಅಳೆದು ಕೊಟ್ಟಿದೀನಮ್ಮ."

"ಬಾಳಿಹಣ್ಣು? ಒಣ ದ್ರಾಕ್ಷಿ? ಆ ಸೋಡಿಯಂ ಕಮ್ಮಿ ಉಪ್ಪು?"

"ಯಾವ್ದೂ ಇಲ್ಲ."

"ತರಕಾರಿ ಬೇಯಿಸಿ ಬಸೀತೀರಿ ಹೌದಲ್ರಿ?"

"ದಿನಾ. ಒಂದು ಹನಿ ನೀರು ಉಳೀದ ಹಾಗೆ ಹಿಂಡಿ ಬಸೀತೀನಿ." ನಾನು ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು ಕೊಟ್ಟೆ. ದಿನದಿನದ ಊಟವನ್ನು ಅದರಲ್ಲಿ ಬರೆದಿಟ್ಟಿದ್ದೆ, ಹೊಗಳಿಕೆಗೆ ಆಧಾರ ಬೇಕಲ್ಲ ಎಂದು. ಆ ಹುಡುಗಿ ಹಾಳೆ ತಿರುವುತ್ತಾ ಹುಬ್ಬು ಗಂಟಿಕ್ಕಿದಳು.

"ದಿನಾ ಬಸ್ಸಾರು, ಬಸ್ಸಾರು ಅಂತ ಬರದೀರಲ್ರಿ. ನಮ್ಮ ಕಡೆ ಇದಿಲ್ರಿ. ಹೆಂಗ ಮಾಡ್ತಾರ್ರಿ ಇದನ್ನ?"

ಅಡುಗೆಯ ಬಗ್ಗೆ ಯಾರಾದರೂ ಕೇಳಿದರೆ ನನಗೆ ಜಾಗ ಕಾಲ ತಿಳಿಯುವುದಿಲ್ಲ. "ಅದೇನ್ ಕಷ್ಟ ಇಲ್ಲಮ್ಮ. ಸೊಪ್ಪು ತರಕಾರಿ ಬೇಯಿಸಿ ಬಸಿದಿರ್ತೀವಲ್ಲ, ಆ ನೀರನ್ನ ಚೆಲ್ಲದೆ ಇಟ್ಕೋಬೇಕು. ಎಷ್ಟು ಬೇಯಿಸ್ತೀವೋ ಅಷ್ಟೂ ಸಾರ ಆ ನೀರಿಗೆ ಇಳಿದಿರುತ್ತೆ ನೋಡಿ, ರುಚಿ ಬರೋದೇ ಅದರಿಂದ. ತರಕಾರೀಲಿ ಆಮೇಲೆ ಏನೂ ಉಳಿದಿರಲ್ಲ, ಎಲ್ಲಾ ಆ ನೀರಲ್ಲೇ..."

ಅಲ್ಲಿಗೆ ನನ್ನ ಮಾತು ನನ್ನ ಕಿವಿಗೇ ಬಿತ್ತು.

ಡಯಟೀಷಿಯನ್ ನೋಟ್‌ಬುಕ್ಕನ್ನು ನಿಧಾನವಾಗಿ ಮುಚ್ಚಿದಳು. "ಹೌದ್ರಿ. ಎಲ್ಲಾ ಆ ನೀರಾಗನ. ಪೊಟ್ಯಾಸಿಯಂ ಸೈತ."

ನಾನು ನೆಲದ ಟೈಲುಗಳ ಗೆರೆ ಎಣಿಸಿದೆ. ಕೊನೆಗೆ ತಡೆಯಲಾರದೆ ಶೈಲಾಳ ಕಡೆಗೆ ತಿರುಗಿದೆ. "ನೀನು ಕಟ್ಟನ್ನ ಏನ್ ಮಾಡ್ತಿದ್ದೆ?"

"ಸಿಂಕಿಗೆ ಸುರೀತಿದ್ದೆ ಅಕ್ಕ."

"ಮನಸ್ಸಾದ್ರೂ ಹೇಗೆ ಬರ್ತಿತ್ತೇ?"

"ನಂಗೆ ಬಸ್ಸಾರು ಮಾಡೋಕೆ ಬರಲ್ವಲ್ಲ ಅಕ್ಕ." ಅವಳು ಮುಜುಗರದಿಂದ ಐಡಿ ಕಾರ್ಡಿನ ದಾರ ತಿರುವಿದಳು. "ಹೇಳ್ಕೊಡಿ ಅಂತ ನಿಮ್ಮನ್ನ ಎರಡು ಮೂರು ಸಲ ಕೇಳಿದ್ದೆ. ನೀವು ಇವತ್ತು ನಾಳೆ ಅಂತ ಹೇಳ್ಕೊಡ್ಲೇ ಇಲ್ಲ."

ಕೇಳಿದ್ದಳು, ನಿಜ. ಬಸ್ಸಾರು ಅವಳಿಗೂ ಬಂದುಬಿಟ್ಟರೆ ಅತ್ತೆ ಹೊಗಳುವುದಕ್ಕೆ ನನ್ನಲ್ಲಿ ಏನು ಉಳಿಯುತ್ತದೆ ಎಂದು ಮುಚ್ಚಿಟ್ಟುಕೊಂಡಿದ್ದೆ. ಅಂದರೆ ಅವಳ ಮನೆಯಲ್ಲಿ ಅತ್ತೆಯ ಪೊಟ್ಯಾಸಿಯಂ ಇಳಿದದ್ದು ನನ್ನ ಹೊಟ್ಟೆಕಿಚ್ಚಿನ ಪುಣ್ಯದಿಂದ! ಡಾಕ್ಟರು ಹೊಗಳಬೇಕಾಗಿದ್ದದ್ದು ನನ್ನನ್ನೇ. ಆದರೆ ಇದನ್ನು ಅವರ ಬಳಿ ಹೋಗಿ ಕೇಳುವುದು ಹೇಗೆ?

ಮಧ್ಯಾಹ್ನವಿಡೀ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ಯಜಮಾನರು ಕೆಲಸದಿಂದ ನೇರ ಬಂದರು. ವಿಷಯ ತಿಳಿದ ಮೇಲೆ, "ಹಾಗಾದ್ರೆ ನನ್ನ ಕಿಡ್ನಿ ಈಗ ಭಾರೀ ಚೆನ್ನಾಗಿರ್ಬೇಕು" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಶೈಲಾ ಕಾಫಿ ತಂದುಕೊಟ್ಟಳು. ಬೇಡ ಎನ್ನಲು ಬಾಯಿ ತೆರೆದೆ. ತೆರೆದ ಬಾಯಲ್ಲೇ ಕುಡಿದೆ. ಕಾಫಿ ಕೂಡ ಚೆನ್ನಾಗಿತ್ತು. ಕ್ಯಾಂಟೀನಿನದ್ದೆಂದು ತಿಳಿದು ಸಮಾಧಾನವಾಯಿತು.

ಸಂಜೆ ಐದಕ್ಕೆ ಮತ್ತೊಂದು ರಿಪೋರ್ಟು ಬಂತು. ಇಳಿಯುತ್ತಿದೆ ಎಂದರು. ಮಷೀನು ಸದ್ಯಕ್ಕೆ ಬೇಡ, ಎರಡು ದಿನ ಇರಲಿ ಎಂದರು. ಅಲ್ಲೇ ಕಾರಿಡಾರಿನಲ್ಲಿ ಗಂಗಮ್ಮನಿಗೆ ಕೈ ಮುಗಿದೆ. ಈ ಸಲ ಎರಡನೇ ವಾಕ್ಯ ಸೇರಿಸಲಿಲ್ಲ.

ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ನಾನು ಅವರ ಕಾಲ ಬಳಿ ನಿಂತು, "ತಪ್ಪಾಯ್ತು ಅತ್ತೆ" ಎಂದೆ.

"ನಿಂದೊಬ್ಬಳ್ದೇ ಏನು? ಬಟ್ಟಲಾಗೆ ಆಕಿಸ್ಕಂಡು ಕುಡಿದೋಳು ನಾನಲ್ವಾ?" ಎಂದರು. ಆಮೇಲೆ ನನ್ನನ್ನೂ ಶೈಲಾಳನ್ನೂ ಒಂದೊಂದು ಸಲ ನೋಡಿದರು. "ಇನ್ಮೇಲೆ ಶೈಲಾ ಮನೇಲೇ ಇರ್ತೀನಿ ಕಣವ್ವ. ನೀನು ರುಚಿಯಾಗ್ ಮಾಡಿ ಮ್ಯಾಲಕ್ಕೆ ಕಳಿಸ್ತೀಯ. ಅವಳು ರುಚಿ ಕೆಡಿಸಿ ಉಳಿಸ್ಕತಾಳೆ. ನಂಗಿನ್ನೂ ಸ್ವಲ್ಪ ದಿನ ಇರ್ಬೇಕು ಅಂತೈತೆ."

ನರ್ಸು ನಕ್ಕಳು. ಶೈಲಾ ನಗಲಿಲ್ಲ. ಅದೂ ಹೊಟ್ಟೆ ಉರಿಸಿತು. ನಕ್ಕಿದ್ದರೆ ಅವಳ ಮೇಲೆ ಒಂದು ತಪ್ಪಾದರೂ ಸಿಗುತ್ತಿತ್ತು.

ಹೊರಡುವಾಗ ಅವಳು ಆ ಹೂವಿನ ಡೈರಿ ತೆಗೆದಳು. "ಅಕ್ಕ, ಅತ್ತೆ ನಂದು ಬರೀ ಸಪ್ಪೆ ಅಂತಾರೆ. ಬಸಿದ ಪಲ್ಯಕ್ಕೆ ರುಚಿ ಬರೋ ಹಾಗೆ ಒಂದು ಒಗ್ಗರಣೆ ಹೇಳ್ಕೊಡಿ."

ಅತ್ತೆ ನಾಲ್ಕು ತುತ್ತು ಹೆಚ್ಚಿಗೆ ಉಣ್ಣಲಿ ಎಂದು ಹೇಳಿಕೊಟ್ಟೆ. ಬೆಳ್ಳುಳ್ಳಿ ಎಷ್ಟು ಜಜ್ಜಬೇಕು, ಮೆಣಸು ಯಾವಾಗ, ನಿಂಬೆಹಣ್ಣು ಒಲೆ ಆರಿಸಿದ ಮೇಲೆ ಎಷ್ಟು ಹನಿ, ಎಲ್ಲವನ್ನೂ ಹೇಳಿದೆ. ಇಂಗಿನ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಮನುಷ್ಯರು ಒಂದೇ ದಿನಕ್ಕೆ ಎಷ್ಟು ತಾನೇ ಸುಧಾರಿಸಲು ಸಾಧ್ಯ?

ಲೆಕ್ಕ ಹಾಕಿದರೆ ದೇವರು ನನ್ನ ಮೇಲೆ ಮುನಿದಿಲ್ಲ. ಅತ್ತೆಯ ಎದೆ ಬಡಿತ ತಪ್ಪಲಿಲ್ಲ. ಮಷೀನಿಗೆ ಹಾಕಲಿಲ್ಲ. ಕಾಲಿನ ಬಾವು ಇಳಿದು ಕಾಲುಂಗುರ ಮತ್ತೆ ಬೆರಳಿಗೇರಿತು. ಸರೋಜಮ್ಮ ಬಸ್ಸಾರಿನ ಬಟ್ಟಲನ್ನು ತೊಳೆದು ವಾಪಸು ಕೊಟ್ಟರು, ಏನನ್ನೂ ಕೇಳಲಿಲ್ಲ. ಇಷ್ಟು ಸಾಕು.

ಅತ್ತೆ ಆಸ್ಪತ್ರೆ ಸೇರಿದ ಮೂರನೇ ದಿನ ಬೆಳಿಗ್ಗೆ ಮೈದುನ ಬಂದು ಅತ್ತೆಯ ಸಾಮಾನು ತೆಗೆದುಕೊಂಡು ಹೋಗುತ್ತೇನೆಂದಿದ್ದ. ಅತ್ತೆಯ ನಾಲ್ಕು ಹತ್ತಿ ಸೀರೆಗಳು ಒಣಗಿ ಮಂಚದ ಮೇಲೆ ಬಿದ್ದಿದ್ದವು. ಶೈಲಾ ಬಟ್ಟೆಗಳನ್ನು ಮಡಚಿ ಬೀರುವಿಗೆ ತುರುಕುವವಳೇ ಹೊರತು ಇಸ್ತ್ರಿ ಮಾಡುವವಳಲ್ಲ. ಟೇಬಲ್ಲಿನ ಮೇಲೆ ಹಳೆಯ ಕಂಬಳಿ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಬಿಸಿಗಿಟ್ಟು, ನೀರು ಚಿಮುಕಿಸಿ ಮೊದಲನೇ ಸೀರೆ ಹರಡಿದೆ. ಅಂಚಿಗೆ ಅಂಚು ಕೂಡಿಸಿ, ಮಡಿಕೆ ಕತ್ತಿಯಂತೆ ನಿಲ್ಲುವ ಹಾಗೆ ಉಜ್ಜಿದೆ. ಇದರಲ್ಲಿ ನನ್ನನ್ನು ಮೀರಿಸುವವರು ಆ ಬ್ಯಾಟರಾಯನಪುರದಲ್ಲಿ ಯಾರೂ ಇಲ್ಲ. ಯಾವ ಡಾಕ್ಟರೂ ಇಸ್ತ್ರಿ ನೋಡಿ ಹೊಗಳುವುದಿಲ್ಲ ಎಂಬುದು ಮೂರನೇ ಸೀರೆಯ ಹೊತ್ತಿಗೆ ನೆನಪಾಯಿತು. ಅಷ್ಟು ದೂರ ಬಂದಾಗಿತ್ತು. ನಾಲ್ಕನೆಯದನ್ನೂ ಹರಡಿದೆ.